ಮಣ್ಣಿನ ಚಟ್ಟಿಯಲ್ಲಿ ಮೊರಾಕ್ಕೊ ಮೀನು: ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಟಿಪ್ಪಣಿ

ಆಲೂಗಡ್ಡೆ ಬೆಂದಿದೆ. ಮೀನಿನ ತುಂಡು ಒಡೆದಿಲ್ಲ. ತಳ ಹಿಡಿದಿಲ್ಲ. ಈ ಮೂರೂ ಒಂದೇ ಚಟ್ಟಿಯಲ್ಲಿ ಒಟ್ಟಿಗೆ ಆಗುವ ಹೊತ್ತಿಗೆ ಜನವರಿಯಲ್ಲಿ ಹಿಡಿದ ಕೆಲಸ ಸೆಪ್ಟೆಂಬರ್‌ಗೆ ಬಂತು. ನಮ್ಮ ಚಿಕ್ಕಮಗಳೂರು ಕಡೆ ಯಾರಾದರೂ ಇದನ್ನು ಮಾಡಲು ಹೊರಟರೆ ಅರ್ಧ ದಾರಿ ಸವೆಯಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮಾಡಲು ಹೊರಟಿದ್ದು ಮೊರಾಕ್ಕೊದ ಮೀನಿನ ತಜೀನ್. ಅಲ್ಲಿ ತಗ್ಗಾದ ಮಣ್ಣಿನ ಪಾತ್ರೆಗೆ ಶಂಕುವಿನ ಆಕಾರದ ಮುಚ್ಚಳ ಹಾಕಿ, ಇದ್ದಿಲಿನ ಮೇಲೆ ನಿಧಾನವಾಗಿ ಬೇಯಿಸುತ್ತಾರೆ. ಕೊತ್ತಂಬರಿ ಸೊಪ್ಪು, ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ) ಪುಡಿ, ನಿಂಬೆರಸ, ಆಲಿವ್ ಎಣ್ಣೆ ಸೇರಿಸಿದ ಹಸಿರು ಮಸಾಲೆ ಇದರ ಜೀವ. ಅದಕ್ಕೆ ಶೆರ್ಮುಲಾ ಅನ್ನುತ್ತಾರೆ. ಕೆಳಗೆ ತರಕಾರಿ, ಮೇಲೆ ಮೀನು. ತೆಂಗಿನಕಾಯಿ ಇಲ್ಲ, ಹುಣಸೆಹುಳಿ ಇಲ್ಲ. ಹುಳಿಗೆ ಉಪ್ಪಿನಲ್ಲಿ ಹಾಕಿದ ನಿಂಬೆ ಸಿಪ್ಪೆ, ಗೊಜ್ಜಿಗೆ ಟೊಮೆಟೊ. ಒಂದು ಲೋಟ ನೀರೂ ಬೇಡ, ತರಕಾರಿ ಬಿಡುವ ನೀರೇ ಸಾಕು.

ಓದಲು ಸುಲಭ. ಮಾಡುವಾಗ ಗೊತ್ತಾಗುವುದು ಇಷ್ಟು: ತರಕಾರಿಯ ಹೊತ್ತು ಬೇರೆ, ಮೀನಿನ ಹೊತ್ತು ಬೇರೆ. ಎರಡನ್ನೂ ಒಂದೇ ಸಲ ಒಲೆ ಮೇಲೆ ಇಟ್ಟರೆ ಒಂದಲ್ಲ ಒಂದು ಕೆಡುತ್ತದೆ.

1. ಜನವರಿ: ನಿಂಬೆ

ಮೊದಲು ಶುರು ಮಾಡಬೇಕಾದ್ದು ಇದು, ಯಾಕಂದ್ರೆ ತಿಂಗಳು ಕಾಯಬೇಕು. ಬೇಸಿಗೆ ಬಂದರೆ ನಿಂಬೆ ರೇಟು ಏರುತ್ತದೆ, ಚಳಿಗಾಲದಲ್ಲಿ ಅಗ್ಗ.

ಎರಡು ಗಾಜಿನ ಜಾಡಿಯಲ್ಲಿ ಹಾಕಿದೆ. ಒಂದರಲ್ಲಿ ಪೇಟೆಯ ಸಣ್ಣ ನಿಂಬೆ, ಇನ್ನೊಂದರಲ್ಲಿ ಮೂಡಿಗೆರೆ ಕಡೆ ನೆಂಟರ ತೋಟದಿಂದ ಬಂದ ಗಜನಿಂಬೆ. ಅಳತೆ ಎರಡಕ್ಕೂ ಒಂದೇ: ಅರ್ಧ ಕಿಲೋ ಹಣ್ಣಿಗೆ 100 ಗ್ರಾಂ ಕಲ್ಲುಪ್ಪು. ಹಣ್ಣು ತೊಳೆದು, ಒರೆಸಿ, ಪೂರ್ತಿ ಒಣಗಿಸಬೇಕು. ತಳ ಬಿಡದ ಹಾಗೆ ನಾಲ್ಕು ಸೀಳು ಮಾಡಿ, ಸೀಳಿನೊಳಗೆ ಉಪ್ಪು ತುಂಬಿ, ಜಾಡಿಗೆ ಒತ್ತಿ ಹಾಕಬೇಕು. ಆಮೇಲೆ ಹಣ್ಣು ಮುಳುಗುವಷ್ಟು ನಿಂಬೆರಸ. ದಿನಾ ಒಮ್ಮೆ ಜಾಡಿ ಅಲುಗಿಸಿದರೆ ಸಾಕು.

ಸಣ್ಣ ನಿಂಬೆಯ ಜಾಡಿಯಲ್ಲಿ ರಸ ಕಡಿಮೆಯಾಗಿ, ಮೇಲೆ ತೇಲಿದ ಹಣ್ಣಿಗೆ ಬಿಳಿ ಪೊರೆ ಕಟ್ಟಿತು. ಅಂಥವನ್ನು ಎಸೆದು, ಉಳಿದದ್ದಕ್ಕೆ ರಸ ಸೇರಿಸಿ, ಮೇಲೆ ಒಂದು ಪುಟ್ಟ ಪಿಂಗಾಣಿ ಬಟ್ಟಲು ಹೇರಿದೆ. ಮತ್ತೆ ಪೊರೆ ಬರಲಿಲ್ಲ.

ಜಾಡಿ ನೋಡಿ ಅತ್ತೆ, "ಇದು ಉಪ್ಪು ನಿಂಬೆ ಅಲ್ವಾ? ಜ್ವರ ಬಂದಾಗ ಗಂಜಿ ಜೊತೆ ಕೊಡ್ತಿದ್ವಲ್ಲ. ವರ್ಷ ಇಟ್ರೂ ಕೆಡಲ್ಲ ಕಣೇ" ಅಂದರು. ಹೌದು, ಅದೇ. ಖಾರ, ಸಾಸಿವೆ, ಮೆಂತ್ಯ ಯಾವುದೂ ಇಲ್ಲದ ಉಪ್ಪಿನಕಾಯಿ.

ಸಣ್ಣ ನಿಂಬೆ ಒಂದು ತಿಂಗಳಿಗೇ ಮೆತ್ತಗಾಯಿತು. ಆದರೆ ಸಿಪ್ಪೆ ತೆಳು, ಕೊನೆಯಲ್ಲಿ ಸ್ವಲ್ಪ ಕಹಿ. ಗಜನಿಂಬೆಗೆ ಇನ್ನೂ ಎರಡು ವಾರ ಬೇಕಾಯಿತು. ಅದರ ದಪ್ಪ ಬಿಳಿ ಭಾಗ ಉಪ್ಪು ಹೀರಿ ಪಾರದರ್ಶಕ ಆದ ಮೇಲೆ ಕಹಿ ಹೋಗಿ ಪರಿಮಳ ಮಾತ್ರ ಉಳಿಯಿತು. ಮೊರಾಕ್ಕೊದವರು ಬಳಸುವುದೂ ಹೀಗೆ ಉಪ್ಪಿನಲ್ಲಿ ಹಾಕಿದ ನಿಂಬೆಯನ್ನೇ. ತಿರುಳು ಕೆರೆದು ತೆಗೆದು, ಸಿಪ್ಪೆ ಮಾತ್ರ ಅಡುಗೆಗೆ ಹಾಕುತ್ತಾರೆ. ಗಜನಿಂಬೆ ಸಿಕ್ಕಿದರೆ ಬೇರೆ ಯೋಚನೆ ಬೇಡ.

2. ಫೆಬ್ರವರಿ: ಚಟ್ಟಿ

ಅಸಲಿ ತಜೀನ್ ಪಾತ್ರೆ ಆನ್‌ಲೈನ್‌ನಲ್ಲಿ ಎರಡು ಸಾವಿರ ದಾಟುತ್ತಿತ್ತು. ಬೇಡ ಅನ್ನಿಸಿತು. ಸಂತೆಯಲ್ಲಿ ಮೀನು ಸಾರಿನ ಅಗಲ ಚಟ್ಟಿ ತಂದೆ. ಬಾಯಿ 28 ಸೆಂಟಿಮೀಟರ್, ಆಳ 9 ಸೆಂಟಿಮೀಟರ್, ಬೆಲೆ 380 ರೂಪಾಯಿ. ಆಳ ಜಾಸ್ತಿ ಇರುವ ಗಡಿಗೆ ಇದಕ್ಕೆ ಆಗದು. ಮೀನಿನ ತುಂಡುಗಳು ಒಂದರ ಮೇಲೊಂದು ಕೂರದೆ, ಒಂದೇ ಪದರದಲ್ಲಿ ಹಿಡಿಸಬೇಕು.

ಪಳಗಿಸಿದ ಕ್ರಮ: ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿದೆ. ನೆರಳಲ್ಲಿ ಒಣಗಿಸಿದೆ. ಅಕ್ಕಚ್ಚು (ಅಕ್ಕಿ ತೊಳೆದ ನೀರು) ತುಂಬಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿದೆ. ತಣಿದ ಮೇಲೆ ಒಳಗೆ ಎಣ್ಣೆ ಸವರಿ ಮತ್ತೆ ಬಿಸಿ ಮಾಡಿದೆ.

ಇಷ್ಟು ಮಾಡಿದ ಮೊದಲನೇ ಚಟ್ಟಿ ಸೀಳು ಬಿಟ್ಟಿತು. ಹೊರಗಿನ ತಳ ಇನ್ನೂ ಹಸಿ ಇದ್ದಾಗಲೇ ನೇರ ಗ್ಯಾಸ್ ಉರಿಗೆ ಇಟ್ಟದ್ದು ಕಾರಣ. ಸೌದೆ ಒಲೆಯ ಉರಿ ತಳಕ್ಕೆಲ್ಲ ಹರಡುತ್ತದೆ. ಗ್ಯಾಸ್ ಉರಿ ಒಂದೇ ಉಂಗುರದಲ್ಲಿ ಸುಡುತ್ತದೆ, ಅಲ್ಲೇ ಬಿರುಕು ಬಂತು. ಎರಡನೇ ಚಟ್ಟಿಗೆ ಕೆಳಗೆ ಹಳೇ ಕಬ್ಬಿಣದ ದೋಸೆ ಕಾವಲಿ ಇಟ್ಟೆ. ಕಾವಲಿ, ಅದರ ಮೇಲೆ ಚಟ್ಟಿ, ಸಣ್ಣ ಉರಿ. ಬಿಸಿ ಏರಲು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಈ ಚಟ್ಟಿಗೆ ಇವತ್ತಿಗೂ ಏನೂ ಆಗಿಲ್ಲ.

ಮುಚ್ಚಳಕ್ಕೆ ನಮ್ಮ ಹಳೇ ಉಪಾಯ: ಸ್ಟೀಲ್ ಊಟದ ತಟ್ಟೆ ಮುಚ್ಚಿ, ಅದರಲ್ಲಿ ತಣ್ಣೀರು ಹಾಕುವುದು. ಹಬೆ ತಣ್ಣನೆ ತಟ್ಟೆಗೆ ತಾಗಿ ನೀರಾಗಿ ವಾಪಸ್ ಬೀಳುತ್ತದೆ. ಎತ್ತರದ ಶಂಕು ಮುಚ್ಚಳ ಮಾಡುವುದೂ ಇದೇ ಕೆಲಸ. ತಟ್ಟೆಯ ನೀರು ಬಿಸಿಯಾದಾಗ ಬದಲಿಸುತ್ತಿರಬೇಕು, ಅಷ್ಟೆ.

3. ಮಾರ್ಚ್: ಮಸಾಲೆ

ಪ್ಯಾಪ್ರಿಕಾ ಬದಲು ಬ್ಯಾಡಗಿ ಮೆಣಸಿನಕಾಯಿ. ಡಬ್ಬಿ ಬ್ಯಾಡಗಿ ಕೇಳಿ ತನ್ನಿ, ಬಣ್ಣ ಜಾಸ್ತಿ, ಖಾರ ಕಡಿಮೆ. ಬೀಜ ತೆಗೆದು, ಬೆಚ್ಚಗೆ ಮಾಡಿ, ಪುಡಿ ಮಾಡಬೇಕು. ಹುರಿಯಬಾರದು. ಹುರಿದರೆ ನಮ್ಮ ಸಾರಿನ ಪುಡಿಯ ವಾಸನೆ ಬರುತ್ತದೆ, ಅದು ಇಲ್ಲಿ ಬೇಡ. ಜೀರಿಗೆಯೂ ಹಾಗೆ, ಘಮ್ ಅಂದ ತಕ್ಷಣ ಇಳಿಸಿ ಕುಟ್ಟಬೇಕು.

ಪಾರ್ಸ್ಲಿ ನಮ್ಮ ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ. ಬದಲಿಗೆ ಸಬ್ಬಸಿಗೆ ಸೊಪ್ಪು ಹಾಕಿ ನೋಡಿದೆ. ಸಬ್ಬಸಿಗೆ ಎಲ್ಲವನ್ನೂ ನುಂಗಿತು. ಜೀರಿಗೆ, ನಿಂಬೆ ಯಾವುದರ ರುಚಿಯೂ ಉಳಿಯಲಿಲ್ಲ. ಬರೀ ಕೊತ್ತಂಬರಿ ಸೊಪ್ಪೇ ಸಾಕು, ಎಳೆ ದಂಟಿನ ಸಮೇತ.

ಇನ್ನೊಂದು ಮುಖ್ಯ ವಿಷಯ. ಆಲಿವ್ ಎಣ್ಣೆಯನ್ನು ಮಿಕ್ಸಿಗೆ ಹಾಕಬೇಡಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಮಿಕ್ಸಿಯ ವೇಗದಲ್ಲಿ ತಿರುಗಿದರೆ ಕಹಿಯಾಗಬಹುದು. ನನ್ನ ಒಂದು ಬಟ್ಟಲು ಮಸಾಲೆ ಹಾಗೇ ಹಾಳಾಯಿತು, ಸಕ್ಕರೆ, ನಿಂಬೆ ಏನು ಹಾಕಿದರೂ ಕಹಿ ಹೋಗಲಿಲ್ಲ. ಸೊಪ್ಪು, ಬೆಳ್ಳುಳ್ಳಿ, ಉಪ್ಪನ್ನು ಕುಟ್ಟಣಿಯಲ್ಲಿ ಕುಟ್ಟಿ, ಪುಡಿಗಳನ್ನು ಕಲಸಿ, ಕೊನೆಗೆ ಎಣ್ಣೆಯನ್ನು ಚಮಚದಲ್ಲಿ ಬೆರೆಸಿದರೆ ಸರಿ. ಸ್ವಲ್ಪ ತರಿತರಿಯಾಗಿದ್ದರೆ ಇನ್ನೂ ಒಳ್ಳೆಯದು.

ಈಗ ಬಳಸುವ ಅಳತೆ ಇದು: ಕೊತ್ತಂಬರಿ ಸೊಪ್ಪು 60 ಗ್ರಾಂ, ಬೆಳ್ಳುಳ್ಳಿ 6 ದೊಡ್ಡ ಎಸಳು, ಜೀರಿಗೆ ಪುಡಿ 2 ಟೀ ಚಮಚ, ಬ್ಯಾಡಗಿ ಪುಡಿ 2 ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ನಿಂಬೆರಸ 2 ದೊಡ್ಡ ಚಮಚ, ಆಲಿವ್ ಎಣ್ಣೆ 5 ದೊಡ್ಡ ಚಮಚ. ಮುಕ್ಕಾಲು ಕಿಲೋ ಮೀನಿಗೆ ಇಷ್ಟು ಸಾಕು.

4. ಮಾರ್ಚ್ ಕೊನೆ: ಗಟ್ಟಿ ಆಲೂಗಡ್ಡೆ, ಒಣಗಿದ ಅಂಜಲ್

ಇಲ್ಲಿ ನಿಜವಾಗಿ ಸಿಕ್ಕಿಬಿದ್ದೆ. ಇಡೀ ಕೆಲಸದಲ್ಲಿ ಹೆಚ್ಚು ಕಲಿತದ್ದೂ ಇಲ್ಲೇ.

ಅಂಜಲ್ ಮೀನು 600 ಗ್ರಾಂ, ಕಿಲೋಗೆ 900ರ ಲೆಕ್ಕದಲ್ಲಿ. ಚಟ್ಟಿಯ ತಳಕ್ಕೆ ಕ್ಯಾರೆಟ್ ಕಡ್ಡಿ, ಅದರ ಮೇಲೆ ಹಸಿ ಆಲೂಗಡ್ಡೆ ಬಿಲ್ಲೆ, ಹೆಚ್ಚಿದ ಹಸಿ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಎಲ್ಲದರ ಮೇಲೆ ಮೀನು. ಮುಚ್ಚಿ ಸಣ್ಣ ಉರಿಗೆ ಇಟ್ಟೆ. ತಳಕ್ಕೆ ಕ್ಯಾರೆಟ್ ಕಡ್ಡಿ ಜೋಡಿಸುವುದು ಮೊರಾಕ್ಕೊ ಅಡುಗೆಯವರ ಕ್ರಮ, ಉಳಿದದ್ದು ತಳ ಹಿಡಿಯಬಾರದು ಅಂತ. ಕೆಲವರು ಜೊಂಡಿನ ಕಡ್ಡಿಯನ್ನೂ ಇಡುತ್ತಾರೆ.

ಅರ್ಧ ಗಂಟೆಗೆ ಮೀನು ಬೆಂದಿತ್ತು. ಆಲೂಗಡ್ಡೆ ಚುಚ್ಚಿದರೆ ಚಾಕು ಇಳಿಯಲಿಲ್ಲ. ಇನ್ನೂ ಹತ್ತು ನಿಮಿಷ, ಮತ್ತೆ ಹತ್ತು ನಿಮಿಷ. ಒಂದು ಗಂಟೆ ಕಳೆದರೂ ಆಲೂಗಡ್ಡೆಯ ನಡು ಕಟಕಟ ಅನ್ನುತ್ತಿತ್ತು. ಅಷ್ಟರಲ್ಲಿ ಅಂಜಲ್ ಎಳೆಎಳೆಯಾಗಿ ಒಣಗಿತ್ತು. ಟೊಮೆಟೊ ನೀರು ಬಿಟ್ಟು ಚಟ್ಟಿ ತುಂಬಾ ತಿಳಿ ಸಾರು.

ಕಾರಣ ಹುಡುಕಲು 450 ರೂಪಾಯಿಯ ಅಡುಗೆ ಥರ್ಮಾಮೀಟರ್ ತಂದೆ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ. ನಮ್ಮ ಮನೆಯಲ್ಲಿ ನೀರು ಕುದಿಯುವುದೇ ಸುಮಾರು 96.5 ಡಿಗ್ರಿಗೆ, 100ಕ್ಕೆ ಅಲ್ಲ. ಮುಚ್ಚಿದ ಚಟ್ಟಿಯಲ್ಲಿ ಸಣ್ಣ ಉರಿಗೆ 92–93 ಇತ್ತು. ಜೊತೆಗೆ ಹುಳಿ. ಹುಳಿಯಲ್ಲಿ ಬೀಳುವ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ. ಹುಣಸೆರಸ ಹಾಕಿದ ಮೇಲೆ ತರಕಾರಿ ಹಾಕಬಾರದು ಅಂತ ಮನೆಯಲ್ಲಿ ಹೇಳುವುದು ಇದಕ್ಕೇ. ಟೊಮೆಟೊ, ನಿಂಬೆ ಎರಡೂ ಸೇರಿ ಇಲ್ಲಿ ಅದೇ ಆಯಿತು. ಮೀನಿಗಾದರೋ 60 ಡಿಗ್ರಿ ಹತ್ತಿರ ಬಂದರೆ ಸಾಕು, ಬೆಂದಂತೆಯೇ. ಒಂದು ಕಡೆ 60 ಸಾಕು, ಇನ್ನೊಂದು ಕಡೆ 93 ಸಾಲದು. ಒಟ್ಟಿಗೆ ಇಟ್ಟರೆ ಹೇಗೆ ಸರಿಹೋದೀತು?

ಆಮೇಲೆ ಮಾಡಿದ ಬದಲಾವಣೆ: ಆಲೂಗಡ್ಡೆಯನ್ನು ಮೊದಲೇ ಉಪ್ಪು ನೀರಿನಲ್ಲಿ ಮುಕ್ಕಾಲು ಬೇಯಿಸುವುದು. ಟೊಮೆಟೊವನ್ನು ತುರಿದು, ಎಣ್ಣೆಯಲ್ಲಿ ಬೇರೆ ಬಾಣಲೆಯಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸುವುದು. ತರಕಾರಿ ಪೂರ್ತಿ ಬೆಂದ ಮೇಲೆ ಮಾತ್ರ ಮೀನು.

ಟೊಮೆಟೊ ಬಗ್ಗೆ ಒಂದು ಮಾತು. ಸಾರಿಗೆ ನಾಟಿ ಟೊಮೆಟೊನೇ ಚೆನ್ನ, ನಾನೂ ಒಪ್ಪುತ್ತೇನೆ. ಆದರೆ ಇದರಲ್ಲಿ ಉಪ್ಪು ನಿಂಬೆ ಇರುವುದರಿಂದ ನಾಟಿ ಹಾಕಿದರೆ ಹುಳಿ ಅತಿಯಾಗುತ್ತದೆ. ಚೆನ್ನಾಗಿ ಹಣ್ಣಾದ ಹೈಬ್ರಿಡ್ ಇದಕ್ಕೆ ಸರಿ.

5. ಮೇ: ಉಪ್ಪು

ಆಲೂಗಡ್ಡೆ ಈ ಸಲ ಬೆಂದಿತು, ಬೆಂದು ಪುಡಿಯಾಯಿತು. ಹೊರಗಿಂದ ಬಂದ ಹಿಟ್ಟು ಹಿಟ್ಟಾದ ಜಾತಿ ಅದು. ಮೀನು ಹದವಾಗಿತ್ತು, ಆದರೆ ಹೊರಮೈ ಸುಣ್ಣದ ಹಾಗೆ ಬಿಳಿಚಿ ಗಟ್ಟಿ. ರಾತ್ರಿಯೇ ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಮಸಾಲೆಯಲ್ಲಿ ನಿಂಬೆರಸ ಇದೆಯಲ್ಲ, ಅದು ಒಲೆ ಹತ್ತಿಸುವ ಮೊದಲೇ ಮೀನನ್ನು ಗಟ್ಟಿ ಮಾಡಿತ್ತು. ಮುಕ್ಕಾಲು ಗಂಟೆ ಸಾಕು, ಒಂದು ಗಂಟೆ ದಾಟಬಾರದು.

ಉಪ್ಪಂತೂ ವಿಪರೀತ. ನಿಂಬೆಯಲ್ಲಿ ಉಪ್ಪು, ಬಾಟಲಿ ಆಲಿವ್‌ನಲ್ಲಿ ಉಪ್ಪು, ಮಸಾಲೆಯಲ್ಲಿ ಉಪ್ಪು, ಆಲೂಗಡ್ಡೆ ನೀರಿನಲ್ಲೂ ಉಪ್ಪು. ಮನೆಯವರು ಎರಡು ತುತ್ತಿಗೆ ತಟ್ಟೆ ಸರಿಸಿದರು. ಅಂದಿನಿಂದ ಆಲಿವ್ ಕಾಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸುತ್ತೇನೆ, ನಿಂಬೆ ಸಿಪ್ಪೆಯನ್ನು ಎರಡು ಸಲ ತೊಳೆಯುತ್ತೇನೆ. ಟೊಮೆಟೊ ಗೊಜ್ಜಿಗೆ ಉಪ್ಪೇ ಹಾಕುವುದಿಲ್ಲ.

6. ಜೂನ್, ಜುಲೈ: ಕೆರೆ ಮೀನು

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಜೊತೆಗೆ ಮಳೆ, ಚಾರ್ಮಾಡಿ ಘಾಟಿಯಲ್ಲಿ ಯಾವಾಗ ಗುಡ್ಡ ಜರಿಯುತ್ತದೋ ಹೇಳಲಾಗದು. ಕೆಳಗಿಂದ ಬರುವ ಐಸಿನ ಮೀನು ಕಡಿಮೆ, ರೇಟು ಜಾಸ್ತಿ, ತಾಜಾತನವೂ ಅನುಮಾನ. ಮೀನಿನಂಗಡಿ ಅಣ್ಣನೇ, "ಈಗ ಅಂಜಲ್ ಬೇಡ ಅಕ್ಕ, ಕಾಟ್ಲಾ ತಗೊಳ್ಳಿ, ಬೆಳಿಗ್ಗೆ ಹಿಡಿದದ್ದು" ಅಂದರು. ಕಿಲೋ 220.

ಕಾಟ್ಲಾದ ತೊಂದರೆ ಎರಡು. ಒಂದು ಮಣ್ಣಿನ ವಾಸನೆ. ಉಪ್ಪು, ಅರಿಶಿನ ಉಜ್ಜಿ, ಹುಳಿ ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೊಳೆದರೆ ಬಹುಪಾಲು ಹೋಗುತ್ತದೆ. ಆ ವಾಸನೆಯ ವಸ್ತು ಹುಳಿಗೆ ಒಡೆಯುತ್ತದೆ, ಹಾಗಾಗಿ ಈ ನಿಂಬೆ ಅಡುಗೆ ಕೆರೆ ಮೀನಿಗೆ ಒಗ್ಗಿತು. ಇನ್ನೊಂದು ಸಣ್ಣ ಮುಳ್ಳು. ಬೆನ್ನಿನ ಭಾಗದಲ್ಲಿ ಕವಲು ಮುಳ್ಳು ತುಂಬಾ, ಗೊಜ್ಜಿನಲ್ಲಿ ಕಾಣುವುದೇ ಇಲ್ಲ. ಮಕ್ಕಳಿದ್ದರೆ ಹೊಟ್ಟೆ ಭಾಗದ ತುಂಡನ್ನೇ ಕೇಳಿ. ಅಲ್ಲಿ ದೊಡ್ಡ ಮುಳ್ಳು ಮಾತ್ರ, ಕೊಬ್ಬೂ ಚೆನ್ನಾಗಿದೆ.

ರುಚಿ ಸಮುದ್ರ ಮೀನಿನಷ್ಟು ಶುದ್ಧವಲ್ಲ, ಆದರೆ ಮಳೆಗಾಲದ ರಾತ್ರಿಗೆ ಧಾರಾಳವಾಗಿ ಸಾಕು. ಬಂಗುಡೆಯಲ್ಲೂ ಮಾಡಿ ನೋಡಿದೆ. ಅದರ ಎಣ್ಣೆ, ವಾಸನೆ ಶೆರ್ಮುಲಾಕ್ಕಿಂತ ಜೋರು. ಬಂಗುಡೆ ನಮ್ಮ ಹುಳಿ ಮೆಣಸಿಗೇ ಇರಲಿ.

7. ಸೆಪ್ಟೆಂಬರ್: ಸರಿಯಾದದ್ದು

ಎರಡು ಒಳ್ಳೆಯದು ಒಟ್ಟಿಗೆ ಬಂದವು. ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿದಿದ್ದವು. ಹಾಸನದ ಹೊಸ ಆಲೂಗಡ್ಡೆಯೂ ಬಂದಿತ್ತು. ಮುಂಗಾರಿನಲ್ಲಿ ಹಾಕಿದ ಬೆಳೆ ಕಿತ್ತು ಬರುವ ಕಾಲ ಇದು. ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ, ಹಿಟ್ಟು ಕಡಿಮೆ. ಬಿಲ್ಲೆ ಬೆಂದರೂ ಅಂಚು ಒಡೆಯುವುದಿಲ್ಲ. ಕೆಸರು ಮಣ್ಣು ಮೆತ್ತಿದ ಗಡ್ಡೆ ನೋಡಿ ಹಿಂಜರಿಯಬೇಡಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡಬೇಕು, ಅದೇ ಹೊಸದರ ಗುರುತು.

ಈ ಸಲ ಮುರು ಎಂಬ ಸಮುದ್ರ ಮೀನು, 750 ಗ್ರಾಂ, 3 ಸೆಂಟಿಮೀಟರ್ ದಪ್ಪದ ತುಂಡು. ಅಂಗಡಿಯಲ್ಲಿ ತೆಳ್ಳಗೆ ಕತ್ತರಿಸಿಬಿಡುತ್ತಾರೆ, ಫ್ರೈಗೆ ಅಲ್ಲ ಅಂತ ಮೊದಲೇ ಹೇಳಬೇಕು. ತೆಳು ತುಂಡು ಐದು ನಿಮಿಷಕ್ಕೆ ಒಣಗುತ್ತದೆ.

ಮೀನಿಗೆ ಅರ್ಧ ಶೆರ್ಮುಲಾ ಹಚ್ಚಿ 45 ನಿಮಿಷ ಬಿಟ್ಟೆ. 400 ಗ್ರಾಂ ಆಲೂಗಡ್ಡೆಯನ್ನು 1 ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ 9 ನಿಮಿಷ ಕುದಿಸಿ ಬಸಿದೆ. ಅರ್ಧ ಕಿಲೋ ಟೊಮೆಟೊ ತುರಿದು, 2 ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಜೊತೆ 12 ನಿಮಿಷ ಬಾಡಿಸಿದೆ. ಎರಡು ದೊಣ್ಣೆ ಮೆಣಸಿನಕಾಯಿಯನ್ನು ಬದನೆಕಾಯಿ ಸುಡುವ ಹಾಗೆ ಉರಿಯಲ್ಲಿ ಸುಟ್ಟು, ಸಿಪ್ಪೆ ತೆಗೆದು, ಉದ್ದುದ್ದ ಸೀಳಿದೆ. ಹನ್ನೆರಡು ಎಸಳು ಕೇಸರಿಯನ್ನು 3 ದೊಡ್ಡ ಚಮಚ ಬಿಸಿ ನೀರಿನಲ್ಲಿ ನೆನೆಸಿದೆ.

ಕಾವಲಿ ಮೇಲೆ ಚಟ್ಟಿ ಬಿಸಿಯಾದ ಮೇಲೆ ಎಣ್ಣೆ, ಬೆರಳುದ್ದದ ಕ್ಯಾರೆಟ್ ಕಡ್ಡಿ ಅಡ್ಡಡ್ಡ, ಆಲೂಗಡ್ಡೆ, ಟೊಮೆಟೊ ಗೊಜ್ಜು, ಕೇಸರಿ ನೀರು. ತಟ್ಟೆ ಮುಚ್ಚಿ, ಮೇಲೆ ತಣ್ಣೀರು. ಸಣ್ಣ ಉರಿಯಲ್ಲಿ 25 ನಿಮಿಷ. ಕ್ಯಾರೆಟ್ ಚುಚ್ಚಿ ನೋಡಿದೆ, ಮೆತ್ತಗಾಗಿತ್ತು. ಇಲ್ಲಿ ಮೆತ್ತಗಾಗದಿದ್ದರೆ ಮುಂದಕ್ಕೆ ಹೋಗಲೇಬಾರದು.

ಆಮೇಲೆ ಮೀನನ್ನು ಒಂದೇ ಪದರವಾಗಿ ಜೋಡಿಸಿ, ಉಳಿದ ಶೆರ್ಮುಲಾ ಸುರಿದೆ. ಮೇಲೆ ದೊಣ್ಣೆ ಮೆಣಸಿನಕಾಯಿ, ಕಾಲು ಗಜನಿಂಬೆಯ ಸಿಪ್ಪೆಯ ಸಣ್ಣ ಸೀಳು, ಒಂದು ಹಿಡಿ ಹಸಿರು ಆಲಿವ್. ಮತ್ತೆ ಮುಚ್ಚಿ 9 ನಿಮಿಷ, ಒಲೆ ಆರಿಸಿದೆ. ಆಗ ತುಂಡಿನ ನಡು 49 ಡಿಗ್ರಿ. ತಟ್ಟೆ ಮತ್ತೆ ಮುಚ್ಚಿ ಚಟ್ಟಿಯನ್ನು ಕಾವಲಿ ಮೇಲೇ ಬಿಟ್ಟೆ. 12 ನಿಮಿಷದ ಮೇಲೆ ನೋಡಿದರೆ 62. ಚಟ್ಟಿಯ ಕಾವೇ ಉಳಿದ ಕೆಲಸ ಮುಗಿಸಿತ್ತು. ಮಣ್ಣಿನ ಪಾತ್ರೆ ಬೇಕು ಅನ್ನುವುದು ಸುಮ್ನೆ ಅಲ್ಲ. ಸ್ಟೀಲ್ ಪಾತ್ರೆಯಲ್ಲಿ ಇದೇ ಲೆಕ್ಕ ಹಿಡಿದರೆ ನಡು ಹಸಿ ಉಳಿಯುತ್ತದೆ, ಅದರಲ್ಲಿ ಮಾಡುವವರು ಉರಿ ಮೇಲೆ ಇನ್ನೂ ನಾಲ್ಕೈದು ನಿಮಿಷ ಬಿಡಿ.

ತಟ್ಟೆ ಎತ್ತಿದಾಗ ತೆಳು ಕೆಂಪು ಎಣ್ಣೆ ಅಂಚಿನಲ್ಲಿ ನಿಂತಿತ್ತು. ತುಂಡು ಚಮಚಕ್ಕೆ ಇಡಿಯಾಗಿ ಬಂತು. ಅಲ್ಲಿ ಇದಕ್ಕೆ ರೊಟ್ಟಿಯ ತುಂಡು ಅದ್ದಿ ತಿನ್ನುತ್ತಾರೆ. ನಾವು ದಪ್ಪ ಅಕ್ಕಿ ರೊಟ್ಟಿ ಮಾಡಿದೆವು, ಗೊಜ್ಜಿಗೆ ಚೆನ್ನಾಗಿ ಹೊಂದಿತು. ಕಡುಬಿಗೂ ಆದೀತು. ಅನ್ನಕ್ಕೆ ಮಾತ್ರ ಸಾಲದು, ಸಾರು ಕಡಿಮೆ. ಅತ್ತೆ ಎರಡನೇ ಸಲ ಬಡಿಸಿಕೊಂಡು, "ಕಾಯಿ ಇಲ್ದೇನೂ ಹೀಗಾಗುತ್ತಾ?" ಅಂದರು. ನನಗೆ ಅದು ದೊಡ್ಡ ಮಾತು.

8. ಖರ್ಚು, ಮತ್ತೆ ಕೆಲವು ಮಾತು

ಒಂದು ಸಲದ್ದು: ಚಟ್ಟಿ 380 (ಒಡೆದದ್ದೂ ಸೇರಿ 760), ಥರ್ಮಾಮೀಟರ್ 450. ಅರ್ಧ ಲೀಟರ್ ಆಲಿವ್ ಎಣ್ಣೆ 620, ಆಲಿವ್ ಕಾಯಿ ಬಾಟಲಿ 210, ಕೇಸರಿ ಒಂದು ಗ್ರಾಂ 300. ಇವು ಹಲವು ಸಲಕ್ಕೆ ಬರುತ್ತವೆ. ಸೆಪ್ಟೆಂಬರ್‌ನ ಆ ಊಟಕ್ಕೆ ಮೀನು 480, ತರಕಾರಿ, ಸೊಪ್ಪು ಸೇರಿ 110. ನಾಲ್ಕು ಜನಕ್ಕೆ ಹೊಟ್ಟೆ ತುಂಬಾ ಆಯಿತು. ಕೇಸರಿ ಬಿಟ್ಟರೂ ನಡೆಯುತ್ತದೆ. ಆಲಿವ್ ಎಣ್ಣೆ ಬಿಟ್ಟರೆ ಮಾತ್ರ ಬೇರೆಯೇ ಅಡುಗೆ ಆಗುತ್ತದೆ. ಕೊಬ್ಬರಿ ಎಣ್ಣೆಯ ಯೋಚನೆ ಬೇಡ.

ಚಟ್ಟಿಗೆ ಸೋಪು ಮುಟ್ಟಿಸಬೇಡಿ, ಮಣ್ಣು ಹೀರಿಕೊಂಡು ಮುಂದಿನ ಅಡುಗೆಗೆ ಬಿಡುತ್ತದೆ. ಕಡಲೆಹಿಟ್ಟು, ಬಿಸಿನೀರು, ತೆಂಗಿನ ನಾರು ಸಾಕು. ಬಿಸಿಲಲ್ಲಿ ಪೂರ್ತಿ ಒಣಗಿಸಿ ಇಡಿ. ಮಳೆಗಾಲದಲ್ಲಿ ಒಣಗದೆ ಬೂಸ್ಟು ಬಂದರೆ ಉಪ್ಪು ನೀರು ಕುದಿಸಿ ಚೆಲ್ಲಿದರೆ ಹೋಗುತ್ತದೆ.

ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡುವಾಗಲೂ ಅದೇ ಲೆಕ್ಕ. ಮೀನಿನ ತುಂಡುಗಳನ್ನು ಮೊದಲು ಹೊರಗೆ ತೆಗೆದಿಡಿ. ತರಕಾರಿ, ಗೊಜ್ಜು ಚೆನ್ನಾಗಿ ಕುದಿ ಬಂದ ಮೇಲೆ ಮೀನು ಹಾಕಿ, ಉರಿ ಸಣ್ಣ ಮಾಡಿ ಮುಚ್ಚಿ. ತುಂಡಿನ ನಡುವೂ ಬಿಸಿಯಾದ ತಕ್ಷಣ ಇಳಿಸಿ.